ತುಟಿಯೊಳಗಿನ ಅಂಕಿ

ಬಿಳಿಯಲ್ಲ ಇದು.
ಒಂದು ಕೂದಲು ಕಿತ್ತು ದೀಪಕ್ಕೆ ಹಿಡಿ:
ಒಳಗೆ ಟೊಳ್ಳು, ಬಣ್ಣವೇ ಇಲ್ಲ,
ನೀರಿನ ನೂಲು.
ಬಿಳುಪೆಲ್ಲ ಬೆಳಕಿನಿಂದ ತಂದ ಕಡ.
ಕೆಳಗೆ ಚರ್ಮ ನೋಡು, ಕಪ್ಪು,
ಸೀಲ್ ಎಣ್ಣೆಯ ದೀಪದ ಮೇಲೆ ತೂಗುತ್ತಿದ್ದ
ಅಮ್ಮನ ಪಾತ್ರೆಯ ತಳದಷ್ಟು ಕಪ್ಪು.

ಇಗ್ಲೂಲಿಕ್ಕಿನ ಅಡುಗೆಮನೆ. ನೆಲಕ್ಕೆ ರಟ್ಟು ಹಾಸಿ
ಕೂತಿದ್ದೇವೆ ಅತ್ತುವಾತ್ ಮತ್ತು ನಾನು,
ಅರ್ಧಚಂದ್ರದ ಉಲು ಹಿಡಿದು
ಕೊಬ್ಬು ಹೆರೆಯುತ್ತ.
ಹೊಡೆದವನು ಮೊಮ್ಮಗ ಉಯಾರಾಕ್.
ಅವನ ಮೊದಲ ಕರಡಿ.
ಮಾಂಸ ಚೆನ್ನಾಗಿ ಬೆಂದು ಮನೆಮನೆಗೆ ಹೋಯಿತು.
ಈಲಿಯೊಂದನ್ನು ಮಾತ್ರ
ನಾಯಿಗಳಿಗೂ ಸಿಗದಂತೆ ಸಮುದ್ರದ ಬಿರುಕಿಗೆ ಹಾಕಿದೆವು.
ತಿಂದವರ ಮೈ ಸುಲಿಯುತ್ತದೆ.

ಅಪ್ಪ ಹೇಳುತ್ತಿದ್ದ:
ಕಾಯುವುದನ್ನು ಇದರಿಂದ ಕಲಿ.
ಸೀಲ್ ಉಸಿರಾಡುವ ತೂತಿನ ಪಕ್ಕ
ಒಂದು ಹಗಲು, ಅರ್ಧ ರಾತ್ರಿ,
ಕಿವಿ ಕೂಡ ಅಲುಗಿಸದೆ.
ಸಿಗದಿದ್ದರೆ ಎದ್ದು ಹೋಗುತ್ತದೆ,
ಯಾರ ಮೇಲೂ ಸಿಟ್ಟಿಲ್ಲ.

ತೆಳು ಮಂಜುಗಡ್ಡೆ ಬಂತೋ,
ನಾಲ್ಕೂ ಕಾಲು ಚಾಚಿ ಹೊಟ್ಟೆಯ ಮೇಲೆ ತೆವಳುತ್ತದೆ.
ಅಷ್ಟು ದೊಡ್ಡ ಮೈ
ತನ್ನ ಭಾರವನ್ನು ಚೂರುಚೂರಾಗಿ ಹಂಚಿಬಿಡುತ್ತದೆ.
ನನಗಾಗ ಏಳು ವರ್ಷ. ಕಾಲಡಿ ಐಸು ಬಾಗಿತು.
ದಡದಿಂದ ಅಪ್ಪ ಕೂಗಿದ್ದು ಒಂದೇ ಮಾತು:
ನಾನುಕ್!
ಬೋರಲು ಬಿದ್ದೆ. ಬದುಕಿದೆ.

ಮೂತಿಯ ಹತ್ತಿರ ಅತ್ತುವಾತಳ ಕೈ ನಿಂತಿತು.
ತುಟಿ ಮಗುಚಿದಳು.
ಒಳಗೆ, ಹಸಿರು ಶಾಯಿಯಲ್ಲಿ,
ಐದು ಅಂಕಿ.
ಎಂದೋ ಹೆಲಿಕಾಪ್ಟರಿನವರು ಮಲಗಿಸಿದ್ದಾರೆ,
ಬಲೆಯಲ್ಲಿ ಎತ್ತಿ ತೂಗಿದ್ದಾರೆ,
ಚಿಕ್ಕ ಹಲ್ಲೊಂದು ಕಿತ್ತಿದ್ದಾರೆ.
ಮರದ ಉಂಗುರ ಎಣಿಸಿದ ಹಾಗೆ
ಹಲ್ಲಿನಲ್ಲಿ ವಯಸ್ಸು ಎಣಿಸುತ್ತಾರಂತೆ.
(ಮರ ನಾನು ಮೊದಲು ನೋಡಿದ್ದು ಹದಿನೆಂಟಕ್ಕೆ,
ತೆಂಕಣ ಊರಿನ ಕ್ಷಯದ ಆಸ್ಪತ್ರೆಯ ಕಿಟಕಿಯಲ್ಲಿ.
ಅದು ಯಾಕೆ ಅಲ್ಲಾಡುತ್ತದೆಂದು ಹೆದರಿದ್ದೆ.)
ಎಚ್ಚರವಾದಾಗ ಇದರ ಬಾಯಲ್ಲಿ ಏನೋ ಕಹಿ,
ತಲೆಯೆತ್ತಲಾಗದ ಭಾರ.
ಯಾರಿಗೆ ಹೇಳಿಕೊಂಡಿತೋ.

ನನಗೂ ಇತ್ತು ಒಂದು.
ಕಂದು ಬಿಲ್ಲೆ, ಅಂಚಿಗೆ ತೂತು, ಕೊರಳಿಗೆ ದಾರ.
ಒಂದು ಮಗ್ಗುಲಲ್ಲಿ ಕಿರೀಟ,
ಇನ್ನೊಂದರಲ್ಲಿ ನಾನು:
ಇ-ಐದು, ಅದರ ಹಿಂದೆ ಮೂರು ಅಂಕಿ.
ನಮ್ಮ ಹೆಸರು ಸರಕಾರದ ನಾಲಿಗೆಗೆ ಹೊರಳಲಿಲ್ಲವಂತೆ.
ಅಜ್ಜಿ ಸತ್ತ ವಾರ ಹುಟ್ಟಿದವಳು ನಾನು,
ಅವಳ ಹೆಸರೇ ನನಗೆ.
ಅಮ್ಮ ನನ್ನನ್ನು 'ಅಮ್ಮ' ಎಂದೇ ಕರೆದಳು ಸಾಯುವವರೆಗೆ.
ಬಿಲ್ಲೆ ಚಿಕ್ಕದು, ಅಷ್ಟೆಲ್ಲ ಹಿಡಿಸಲಿಲ್ಲ.
ಈಗ ಬಿಸ್ಕತ್ತಿನ ಡಬ್ಬಿಯಲ್ಲಿ
ಗುಂಡಿಗಳ ಜೊತೆ ಇದೆ.

ಹೆಣ್ಣು ಇದು. ನಾಲ್ಕು ಮೊಲೆ, ಬತ್ತಿದವು.
ಎಷ್ಟು ಚಳಿಗಾಲ ಹಿಮದ ಗವಿಯಲ್ಲಿ ಮಲಗಿತೋ,
ಬಾಯಿಗೆ ಒಂದು ತುತ್ತಿಲ್ಲದೆ,
ಅಂಗೈಯಗಲದ ಕುರುಡು ಮರಿಗಳಿಗೆ
ತನ್ನ ಕೊಬ್ಬನ್ನೇ ಕರಗಿಸಿ ಹಾಲು ಕೊಡುತ್ತ.
ಮಾರ್ಚಿಯಲ್ಲಿ ಗೋಡೆ ಒಡೆದು
ಮೊದಲು ಮೂಗು ಹೊರಗೆ.
ಆಮೇಲೆ ಬಹಳ ಹೊತ್ತು ಸುಮ್ಮನೆ.

ಉಯಾರಾಕ್ ಬೂಟು ಝಾಡಿಸುತ್ತ ಒಳಬಂದ.
'ಅಜ್ಜೀ, ಆ ತುಟಿ ವನ್ಯಜೀವಿ ಆಫೀಸಿಗೆ ಬೇಕು.
ಐವತ್ತು ಡಾಲರ್ ಕೊಡುತ್ತಾರೆ.'
ಹದಿನಾಲ್ಕು ವರ್ಷದವನಿಗೆ ಐವತ್ತು ಡಾಲರ್ ಕಡಿಮೆಯೇ?
ಕೊಯ್ದೆ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿದೆ.
ಚೀಟಿಯಲ್ಲಿ ಕೇಳಿದ್ದು: ಸ್ಥಳ, ತಾರೀಕು, ಬೇಟೆಗಾರನ ಹೆಸರು.
ಎಲ್ಲ ತುಂಬಿ,
ಕೆಳಗೆ ಉಳಿದ ಜಾಗದಲ್ಲಿ
ನಮ್ಮ ಲಿಪಿಯಲ್ಲಿ, ಯಾರೂ ಕೇಳದಿದ್ದರೂ,
ಎರಡು ಮಾತು ಬರೆದೆ. ಅದೇನೆಂದು
ಅತ್ತುವಾತಳಿಗೂ ಹೇಳಲಿಲ್ಲ.

ಚಹಾ ಆರಿದೆ.
ಕೈಗೆಲ್ಲ ಮೀನು-ಸೀಲ್ ಬೆರೆತ ಜಿಡ್ಡು.
ಪಾದಗಳು ಇನ್ನೂ ಬಾಕಿ,
ಮೊರದಗಲದವು, ಅಡಿಯಲ್ಲಿ
ಜಾರದಂತೆ ಸಣ್ಣಸಣ್ಣ ಗಂಟು.
ಉಗುರಿನ ಸಂದಿಯಲ್ಲಿ ನಿಧಾನ ಹೋಗಬೇಕು.
ಅಲ್ಲಿ ಬೇಗ ಹರಿಯುತ್ತದೆ.